ಮುಂದೆ ಬಿಟ್ಟ ದೋಣಿ

ಕೊಡಲಿಯನ್ನು ಕೋಟೆಯವರೇ, ಎಂದರೆ ಹಡಗಿನಲ್ಲಿ ಬಂದು ಕೋಟೆ ಕಟ್ಟಿದ ಪರಂಗಿಯವರೇ, ಕೊಟ್ಟರು. ತಿನ್ನುವುದಕ್ಕೆ ಮಾತ್ರ ಏನೂ ಕೊಡಲಿಲ್ಲ. ಒಂದು ತಿಂಗಳಿಗೆ ಆಗುವಷ್ಟು ಸಾಗೋ ಮರದ ಹಿಟ್ಟಿನ ರೊಟ್ಟಿ, ಒಣಮೀನು ಮನೆಯಿಂದಲೇ ಕಟ್ಟಿಕೊಂಡು ಬರಬೇಕೆಂದು ಅಪ್ಪಣೆ. ಮಾಡುವುದು ಬಿಟ್ಟಿ ಚಾಕರಿ, ಬುತ್ತಿಯೂ ಚಾಕರಿಯವನದೇ. ಹತುಸೀನ ಊರಿನಿಂದ ಐವತ್ತು ಜನ ಹುಟ್ಟು ಹಾಕಲು ಹೊರಡಬೇಕಿತ್ತು. ಮನೆಗೊಬ್ಬ ಗಂಡಸು. ಬರುವುದಿಲ್ಲ ಎಂದವನ ಹೆಂಡತಿಯನ್ನು ಕೋಟೆಗೆ ಎಳೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಯಾರೂ ಬರುವುದಿಲ್ಲ ಎನ್ನುತ್ತಿರಲಿಲ್ಲ.

ಬಾಲ್ತನ ಹೆಂಡತಿ ಕತರೀನ ರೊಟ್ಟಿಗಳನ್ನು ಒಣಗರಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಸಿಟ್ಟೆಲ್ಲ ಹಗ್ಗದ ಮೇಲೆ.

"ಎಲ್ಲಿಗಂತೆ ಈ ಸಲ?"

"ಹೇಳಿಲ್ಲ."

"ಹೋದ ವರ್ಷಾನೂ ಹೇಳಿರ್ಲಿಲ್ಲ."

"ದೋಣಿ ಹತ್ತಿಸಿದ ಮೇಲೆ ಹೇಳ್ತಾರೆ ಕಣೆ. ಕೋಳೀನ ಕೇಳ್ಕೊಂಡು ಯಾರಾದ್ರೂ ಕುಯ್ತಾರಾ?"

"ಇಲ್ಲಿ ಮೊಗ್ಗು ಕೆಂಪಾಗ್ತಾ ಐತೆ. ನಾನೊಬ್ಳೇ ಎಷ್ಟು ಮರ ಹತ್ಲಿ? ಅರಳಿ ಹೋದ್ರೆ ಕೋಟೆಯೋರು ಮುಟ್ಟಲ್ಲ. ಆಮೇಲೆ ನೋಡು, ಇವ್ರು ಸೋಮಾರಿಗಳು ಅಂತ ಅವ್ರೇ ಅಂತಾರೆ."

ಬಾಲ್ತ ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಲವಂಗದ ಮೊಗ್ಗು ಅರಳುವ ಮುಂಚೆ ಕೀಳಬೇಕು. ಕೀಳುವ ತಿಂಗಳಲ್ಲೇ ಗಂಡಸರನ್ನು ದೋಣಿಗೆ ಎಳೆಯುವುದು, ಕಿತ್ತಿಲ್ಲವೆಂದು ಆಮೇಲೆ ಬಾರಿಸುವುದು, ಇದು ಕೋಟೆಯವರ ನ್ಯಾಯ. ಅವರ ಇನ್ನೊಂದು ನ್ಯಾಯ ಇದಕ್ಕಿಂತ ದೊಡ್ಡದು. ಲವಂಗ ಕೋಟೆಯ ಕಣ್ಣಿಗೆ ಬೀಳುವ ನಾಲ್ಕು ದ್ವೀಪಗಳಲ್ಲಿ ಮಾತ್ರ ಬೆಳೆಯಬೇಕು. ಕೋಟೆಗೆ ಮಾತ್ರ ಮಾರಬೇಕು, ಅವರು ಹೇಳಿದ ಬೆಲೆಗೆ. ಬೇರೆ ಯಾವ ದ್ವೀಪದಲ್ಲಿ ಲವಂಗದ ಮರ ಕಂಡರೂ ಬುಡಕ್ಕೆ ಕೊಡಲಿ. ಕಡಿಯುವುದಕ್ಕೆ ಕೋಟೆಯವರು ಬಗ್ಗುವವರಲ್ಲ, ಅವರ ಕೈ ಕೋವಿ ಹಿಡಿಯುವ ಕೈ. ಹುಟ್ಟು ಹಾಕಲು ಈ ದ್ವೀಪದವನು, ಆ ದ್ವೀಪದ ಮರ ಕಡಿಯಲೂ ಈ ದ್ವೀಪದವನೇ.

"ಬರ್ತೀನಿ" ಎಂದ ಬಾಲ್ತ.

"ಬಾ. ಬರದೇ ಇದ್ದೀಯ, ಜೋಕೆ" ಎಂದಳು ಕತರೀನ. ಗಂಟನ್ನು ಅವನ ಎದೆಗೆ ದೂಡಿ ಒಳಗೆ ಹೋದಳು.

ಕೋರಕೋರ ಎಂದರೆ ಉದ್ದನೆಯ ದೋಣಿ. ಎರಡೂ ಮಗ್ಗುಲಲ್ಲಿ ನೀರಿನ ಮೇಲೆ ಚಾಚಿದ ಬಿದಿರಿನ ರೆಕ್ಕೆ. ನಡುವೆ ಗರಿಯ ಮಾಡು ಹಾಕಿದ ಅಟ್ಟ, ಅದರ ನೆರಳಲ್ಲಿ ಸಾರ್ಜೆಂಟ, ಎಂಟು ಸಿಪಾಯಿಗಳು, ಮತ್ತೆ ಹತುಸೀನದ ಯಜಮಾನ ಪಾತಿ. ಹುಟ್ಟಿನವರು ಕೂರುವುದು ರೆಕ್ಕೆಯ ಮೇಲೆ. ಬಿದಿರಿನ ಮೇಲೆ ಕುಂಡಿ, ನೀರಿನಲ್ಲಿ ಕಾಲು. ಡೋಲು ಒಂದು ಏಟು ಹಾಕಿದರೆ ಹುಟ್ಟು ನೀರಿಗೆ, ಇನ್ನೊಂದು ಏಟಿಗೆ ಮೇಲಕ್ಕೆ. ಬೆಳಗಿನಿಂದ ಸಂಜೆಯವರೆಗೆ ಇದೇ. ಎರಡನೆಯ ದಿನಕ್ಕೆ ಕುಂಡಿಯ ಚರ್ಮ ಸುಲಿಯಿತು. ಉಪ್ಪುನೀರು ಹುಣ್ಣಿಗೆ ಬಡಿದು ಕಣ್ಣಲ್ಲಿ ನೀರು ಬರುತ್ತಿತ್ತು. ಉಚ್ಚೆಗೆ ಏಳುವಂತಿಲ್ಲ, ಕೂತಲ್ಲೇ. ಹಿಂದಿನ ವರ್ಷ ಜ್ವರ ಬಂದು ರೆಕ್ಕೆಯ ಮೇಲೇ ಸತ್ತವನೊಬ್ಬನನ್ನು ಹಾಗೇ ನೀರಿಗೆ ತಳ್ಳಿದ್ದರು. ಡೋಲು ನಿಂತಿರಲಿಲ್ಲ.

ಬಾಲ್ತನ ಮುಂದೆ ಕೂತಿದ್ದವನು ಟೋಮೆ. ತೆಳ್ಳಗಿನ ಮೈ, ಉದ್ದನೆಯ ನಾಲಿಗೆ.

"ಬಾಲ್ತಣ್ಣ, ನಮ್ಮ ಪಾತಿ ನೋಡು. ಬೆಳ್ಳಿ ಗುಂಡಿನ ಕೋಲನ್ನ ತೊಡೆ ಮ್ಯಾಲೆ ಮಲಗಿಸ್ಕೊಂಡವ್ನೆ. ಹಾಲು ಕುಡಿಸ್ತಾನೇನೋ."

"ಸುಮ್ನಿರ್ಲಾ. ಕೇಳ್ಸತ್ತೆ."

"ಕೇಳ್ಸಲಿ. ಅವನಪ್ಪನೂ ನಮ್ಮಪ್ಪಂದಿರ ಜೊತೆ ಇದೇ ಬಿದಿರ ಮ್ಯಾಲೆ ಕುಂಡಿ ಸವೆಸ್ದೋನು. ಕೋಟೆಯೋರು ಒಂದು ಕೋಲು ಕೊಟ್ರು ನೋಡು, ಮಗನಿಗೆ ನೆಳ್ಳು ಬಂತು."

ಬಾಲ್ತ ನಗಲಿಲ್ಲ. ಅವನಿಗೆ ಹಿಂದಿನ ವರ್ಷದ ಮುದುಕನ ನೆನಪು. ಉತ್ತರದ ಒಂದು ದ್ವೀಪ, ಊರ ಹೆಸರೂ ಹೇಳಿರಲಿಲ್ಲ. ಜನರೆಲ್ಲ ಬೆಟ್ಟಕ್ಕೆ ಓಡಿಹೋಗಿದ್ದರು. ಮುದುಕನೊಬ್ಬ ಮಾತ್ರ ತೋಪಿನಲ್ಲಿ ಉಳಿದಿದ್ದ. ಈ ಕಡಲಿನ ಜನರಲ್ಲಿ ಮಗು ಹುಟ್ಟಿದರೆ ಒಂದು ಲವಂಗದ ಸಸಿ ನೆಡುವುದು ವಾಡಿಕೆ. ಮಗುವಿನ ಜೊತೆ ಮರವೂ ಬೆಳೆಯಬೇಕು. ಮುದುಕ ಬಾಲ್ತನ ಹಿಂದೆ ಹಿಂದೆಯೇ ಬಂದ. ಬಾಲ್ತ ಕೊಡಲಿ ಎತ್ತಿದ ಮರದ ಹೆಸರನ್ನೆಲ್ಲ ಹೇಳಿದ. ಇದು ಸಲೀಮ. ಇದು ಅವನ ತಂಗಿ. ಇದು ನನ್ನ ಕಿರಿಯವನು, ಮೀನಿಗೆ ಹೋಗಿ ಬರಲಿಲ್ಲ, ಮರ ಐತೆ. ಬಯ್ಯಲಿಲ್ಲ, ಅಳಲಿಲ್ಲ, ಹೆಸರು ಹೇಳಿದ ಅಷ್ಟೇ. ಬಾಲ್ತ ಅವತ್ತು ಮೂವತ್ತಕ್ಕೂ ಹೆಚ್ಚು ಮರ ಕಡಿದ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಅವನಿಗೆ ಯಾರ ಮಗುವನ್ನೂ ಹೆಸರಿಟ್ಟು ಕರೆಯಲು ಆಗಲಿಲ್ಲ.

ಬೇರೆ ಬೇರೆ ಊರುಗಳಿಂದ ಹೊರಟು ದಾರಿಯಲ್ಲಿ ಕೂಡಿಕೊಂಡಿದ್ದ ಏಳು ದೋಣಿಗಳ ಪಡೆ ಮೂರನೆಯ ದಿನ ಮಧ್ಯಾಹ್ನ ಎರಡಾಯಿತು. ಆರು ದೋಣಿಗಳು ಬಡಗಣ ಕೊಲ್ಲಿಯ ಕಡೆ ತಿರುಗಿದವು. ಹತುಸೀನದ ದೋಣಿಯೊಂದೇ ಮುಂದಕ್ಕೆ. ಎರಡು ದಿನ ಬಿಟ್ಟು ಉಳಿದವರು ಬಂದು ಸೇರುತ್ತಾರೆಂದು ಸಾರ್ಜೆಂಟ ಪಾತಿಗೆ ಹೇಳಿದ್ದು ರೆಕ್ಕೆಯ ಮೇಲಿದ್ದವರ ಕಿವಿಗೂ ಬಿತ್ತು.

ಭೂಶಿರ ದಾಟಿದರು. ಬಾಲ್ತ ತಲೆ ಎತ್ತಿದ. ಎರಡು ಕಪ್ಪು ಬಂಡೆ, ನಡುವೆ ಬಿಳಿ ಮರಳು, ಹಿಂದೆ ತೆಂಗು, ತೆಂಗಿನ ಮೇಲೆ ಮಸೀದಿಯ ಹುಲ್ಲು ಮಾಡು. ಆ ಮಾಡಿಗೆ ಮೂರು ವರ್ಷದ ಹಿಂದೆ ಹುಲ್ಲು ಹೊದಿಸಿದವರಲ್ಲಿ ಅವನೂ ಒಬ್ಬ.

"ಯಜಮಾನ್ರೆ, ಇದು ವಾಯ್ಲಾತು" ಎಂದು ಕೂಗಿದ.

"ಗೊತ್ತು. ಹುಟ್ಟು ಹಾಕು."

"ಇಲ್ಲಿಗ್ಯಾಕೆ?"

"ನೀರು ತುಂಬಿಸ್ಕೊಳ್ಳೋಕೆ" ಎಂದ ಪಾತಿ. ಮುಖ ಬೇರೆ ಕಡೆ ಇತ್ತು.

ವಾಯ್ಲಾತು ಹತುಸೀನಕ್ಕೆ ಪೇಲ. ಮೂರು ತಲೆಮಾರಿನ ಹಿಂದೆ ಬಿರುಗಾಳಿಗೆ ಮುಗುಚಿದ ಹತುಸೀನದ ದೋಣಿಯ ಜನರನ್ನು ವಾಯ್ಲಾತುವಿನವರು ಎಳೆದು ದಡ ಮುಟ್ಟಿಸಿದ್ದರು. ಎರಡೂ ಊರಿನ ಹಿರಿಯರು ಕೈ ಕುಯ್ದುಕೊಂಡು, ರಕ್ತವನ್ನು ಹೆಂಡಕ್ಕೆ ಬೆರೆಸಿ, ಒಂದೇ ತೆಂಗಿನ ಚಿಪ್ಪಿನಲ್ಲಿ ಕುಡಿದರು. ಅಂದಿನಿಂದ ಎರಡೂರು ಒಡಹುಟ್ಟು. ಹೆಣ್ಣು ತರುವಂತಿಲ್ಲ, ಕೊಡುವಂತಿಲ್ಲ. ಇವರ ತೋಟದ ಹಣ್ಣನ್ನು ಅವರು ಕಿತ್ತರೆ ಕಳ್ಳತನವಲ್ಲ. ಪೇಲದವರು ಬಾಯಿ ಬಿಟ್ಟು ಏನು ಕೇಳಿದರೂ ಕೊಡಬೇಕು, ಯಾಕೆ ಎಂದು ಕೇಳಬಾರದು. ಆಮೇಲೆ ಒಂದೂರಿನವರು ಕೊರಳಿಗೆ ಶಿಲುಬೆ ಹಾಕಿಕೊಂಡರು, ಇನ್ನೊಂದೂರಿನವರು ಮಸೀದಿ ಕಟ್ಟಿದರು. ಪೇಲ ಹಾಗೇ ಉಳಿಯಿತು. ಹತುಸೀನದ ಚರ್ಚಿನ ಕಂಬಗಳು ವಾಯ್ಲಾತುವಿನ ಮರದವು.

ಅಟ್ಟದ ಮೇಲೆ ಕೋಟೆಯ ಬಾವುಟ ಇಳಿಯಿತು. ಹತುಸೀನದ ಕೆಂಪು ಬಟ್ಟೆ ಏರಿತು. ಸಿಪಾಯಿಗಳು ಒಬ್ಬೊಬ್ಬರಾಗಿ ಕೆಳಗೆ ಮಲಗಿದರು. ಪಾತಿಯೇ ಅವರ ಮೇಲೆ ಚಾಪೆ ಎಳೆದ. ಸಾರ್ಜೆಂಟನೂ ತನ್ನ ಟೋಪಿ ತೆಗೆದು, ಕೆಂಪು ಮೀಸೆಯ ಮುಖವನ್ನು ಚಾಪೆಯೊಳಗೆ ತೂರಿಸಿದ.

"ನೀರು ತುಂಬಿಸೋಕೆ ಬಂದೋನು ಚಾಪೆ ಕೆಳಗೆ ಯಾಕೆ ಮಲಗ್ತಾನೆ ಬಾಲ್ತಣ್ಣ?" ಎಂದ ಟೋಮೆ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಬಾಲ್ತನಿಗೆ ಎಲ್ಲ ತಿಳಿಯಿತು. ಕೋಟೆಯ ಬಾವುಟ ಕಂಡರೆ ಜನ ಬೆಟ್ಟ ಹತ್ತುತ್ತಾರೆ. ಬೆಟ್ಟದಿಂದ ಬಾಣ ಬರುತ್ತದೆ, ಕಲ್ಲು ಉರುಳುತ್ತದೆ. ಪೇಲದವರ ದೋಣಿ ಕಂಡರೆ ಯಾರು ಓಡುತ್ತಾರೆ? ಓಡಿ ಬರುತ್ತಾರೆ. ಗಾಳಕ್ಕೆ ಎರೆ ಸಿಕ್ಕಿಸಿದ ಹಾಗೆ ಅವರನ್ನು ಮುಂದೆ ಬಿಟ್ಟಿದ್ದರು. ಈ ಬುದ್ಧಿ ಕೋಟೆಯವರಿಗೆ ತಾನಾಗಿ ಬರುವಂಥದ್ದಲ್ಲ. ಪೇಲ ಅಂದರೇನೆಂದು ಅವರಿಗೆ ಹೇಳಿಕೊಟ್ಟವನು ಬೆಳ್ಳಿ ಗುಂಡಿನ ಕೋಲು ಹಿಡಿದು ಅಟ್ಟದ ಮೇಲೆ ಕೂತಿದ್ದ.

ತಿಳಿದೂ ಬಾಲ್ತನ ಕೈ ನಿಲ್ಲಲಿಲ್ಲ. ಇದನ್ನು ಮುಚ್ಚಿಡುವುದು ಬೇಡ. ಡೋಲು ಬಡಿಯಿತು, ಹುಟ್ಟು ನೀರಿಗೆ ಬಿತ್ತು. ಮತ್ತೆ ಬಡಿಯಿತು, ಮತ್ತೆ ಬಿತ್ತು. ಕತರೀನಳ ಮುಖ ಕಣ್ಣ ಮುಂದೆ ಬಂತು. ಐವತ್ತು ಜನರಿಗೂ ಅವರವರ ಮನೆಯ ಮುಖ ಬಂದಿರಬೇಕು. ಯಾರೂ ಯಾರನ್ನೂ ನೋಡದೆ ಐವತ್ತು ಜನ ತಮ್ಮ ಒಡಹುಟ್ಟಿದವರ ದಡಕ್ಕೆ ದೋಣಿ ಒಯ್ದರು.

ದಡದಲ್ಲಿ ಜನ ಸೇರಿದ್ದರು. ಹೆಂಗಸರು, ಮಕ್ಕಳು, ಬಲೆ ನೇಯುತ್ತಿದ್ದ ಮುದುಕರು. ಮೊಣಕಾಲುದ್ದ ನೀರಿಗಿಳಿದು ದೋಣಿಯ ಮೂತಿ ಹಿಡಿದು ಎಳೆದರು. ಬುಟ್ಟಿಯಲ್ಲಿ ಸುಟ್ಟ ಮೀನು, ಎಳನೀರು. ಎಲ್ಲರಿಗಿಂತ ಮುಂದೆ ರಾಬಿಯಾ. ಐವತ್ತರ ಹೆಂಗಸು, ದೊಡ್ಡ ಮೂಳೆಯವಳು. ಚಿಪ್ಪಿನಲ್ಲಿ ರಕ್ತದ ಹೆಂಡ ಕುಡಿದ ವಾಯ್ಲಾತುವಿನ ಹಿರಿಯ ಅವಳ ಮುತ್ತಾತ. ಪೇಲದ ವಿಚಾರದಲ್ಲಿ ಆ ಮನೆಯದೇ ಮಾತು, ಆ ಮನೆಯಲ್ಲಿ ಈಗ ಹಿರಿಯಳು ಅವಳೇ.

"ಬಾಲ್ತಾ, ಇದೇನೋ ತಮ್ಮಾ, ಹೇಳದೆ ಕೇಳದೆ! ಎಷ್ಟು ಇಳಿದು ಹೋಗಿದ್ದೀಯ. ಕತರೀನ ಅನ್ನ ಹಾಕಲ್ವಾ?"

ಬಾಲ್ತ ರೆಕ್ಕೆಯಿಂದ ಇಳಿದ. ಕುಂಟುತ್ತ ದಡಕ್ಕೆ ಬಂದ.

"ಕೂತ್ಕೊ. ಎಳನೀರು ಕುಡಿ ಮೊದಲು. ಅಯ್ಯೋ, ಕಾಲು ನೋಡು, ಬರೀ ಹುಣ್ಣು."

ಅವಳು ಎಳನೀರನ್ನು ಅವನ ಕೈಗೆ ಕೊಟ್ಟಳು. ಅವನು ಕುಡಿದ. ಮೂರು ದಿನದ ಬಾಯಾರಿಕೆ. ಗಂಟಲಲ್ಲಿ ಇಳಿದ ಒಂದೊಂದು ಗುಟುಕಿಗೂ ತನ್ನ ಮೇಲೆಯೇ ಹೇಸಿಗೆಯಾಯಿತು. ಆಗ ರಾಬಿಯಾಳ ಕಣ್ಣು ಅವನ ಸೊಂಟದ ಮೇಲೆ ಬಿತ್ತು. ಹೊಸ ಕೊಡಲಿ. ಪಕ್ಕದವನ ಸೊಂಟದಲ್ಲೂ ಕೊಡಲಿ. ಅವನ ಆಚೆಯವನ ಸೊಂಟದಲ್ಲೂ.

"ಇಷ್ಟೊಂದು ಕೊಡಲಿ ಯಾತಕ್ಕೆ?" ಎಂದಳು.

"ಅಕ್ಕಾ, ಓಡು. ಎಲ್ಲರನ್ನೂ ಕರ್ಕೊಂಡು ಓಡು" ಎಂದ ಬಾಲ್ತ. ಹೇಳಲು ತಡವಾಗಿತ್ತು. ಚಾಪೆಗಳು ಸರಿದವು. ಎಂಟು ಕೋವಿಗಳು ಎದ್ದು ನಿಂತವು. ಹೆಂಗಸರು ಮಕ್ಕಳನ್ನು ಎಳೆದುಕೊಂಡರು. ಸುಟ್ಟ ಮೀನಿನ ಬುಟ್ಟಿ ಮರಳಿಗೆ ಬಿತ್ತು.

ಸಾರ್ಜೆಂಟ ಟೋಪಿ ಹಾಕಿಕೊಂಡು ದಡಕ್ಕೆ ಇಳಿದ. ಕಾಗದ ಬಿಚ್ಚಿದ. ಈ ಜನರ ಮಾತನ್ನು ಅವನು ಅರೆಬರೆ ಆಡುತ್ತಿದ್ದ.

"ಕೇಳು. ಈ ಊರು ಕಳ್ಳ. ಮಕಾಸ್ಸರ್ ಬಂದರಿನ ಹಡಗಿಗೆ ಲವಂಗ ಮಾರಿತು, ಅಕ್ಕಿ ತಗೊಂಡಿತು, ಬಟ್ಟೆ ತಗೊಂಡಿತು. ಈ ಸಮುದ್ರ ಕೋಟೆಯದು. ಆ ತುದಿಯಿಂದ ಈ ತುದಿ. ನಮ್ಮ ಚೀಟಿ ಇಲ್ಲದೆ ಯಾರೂ ಬರೋದು ಇಲ್ಲ, ಯಾರೂ ಮಾರೋದು ಇಲ್ಲ. ಈಗ ಎಲ್ಲ ಮರ ಕಡಿಯೋದು. ನೀವು ಎಲ್ಲ ಇಲ್ಲಿ ಕೂರೋದು. ಗಲಾಟೆ ಇಲ್ಲ, ಗುಂಡು ಇಲ್ಲ."

ಸಾಗೋ ತಿಂದು ಸಾಕಾದ ಜನ ಎರಡು ಮೂಟೆ ಅಕ್ಕಿಗೆ ತಮ್ಮ ಗಿಡದ ಮೊಗ್ಗು ಮಾರಿದ್ದು ಕಳ್ಳತನ. ದೇವರು ಉಪ್ಪು ಬೆರೆಸಿ ಬಿಟ್ಟ ನೀರನ್ನು ಕಾಗದದಲ್ಲಿ ಬರೆದುಕೊಂಡು ತಮ್ಮದು ಅಂದಿದ್ದು ಕಾನೂನು.

"ಏನು ನೋಡ್ತೀರ?" ಎಂದು ಪಾತಿ ಹುಟ್ಟಿನವರ ಮೇಲೆ ರೇಗಿದ. "ಏಳಿ. ತೋಪು ಮಸೀದಿ ಹಿಂದೆ ಐತೆ. ಸಂಜೆ ಒಳಗೆ ಅರ್ಧ ಮುಗೀಬೇಕು."

ರಾಬಿಯಾ ಪಾತಿಯನ್ನು ನೋಡಲಿಲ್ಲ. ಸಾರ್ಜೆಂಟನನ್ನೂ ನೋಡಲಿಲ್ಲ. ಕೋವಿಗಳ ಮುಂದೆಯೇ ನಡೆದು ಬಾಲ್ತನ ಎದುರು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. ದನಿ ಮಾತ್ರ ಉಪ್ಪು ಕೇಳುವಷ್ಟು ಸಾಧಾರಣವಾಗಿತ್ತು.

"ತಮ್ಮಾ, ನಿನ್ನ ಕೊಡಲಿ ಕೊಡು."

 ವಾಯ್ಲಾತುವಿನವರಿಗೂ ಗೊತ್ತು, ಹತುಸೀನದವರಿಗೂ ಗೊತ್ತು. ಪೇಲ ಕೇಳಿದೆ.

"ಬಾಲ್ತಾ, ಕೊಟ್ಟೀಯ ಜೋಕೆ" ಎಂದ ಪಾತಿ. "ಅದು ಕೋಟೆಯ ಕೊಡಲಿ. ಕೊಟ್ಟೋನಿಗೆ ಸಂಕೋಲೆ. ಹೆಂಡತಿನ ನೆನಸ್ಕೊ."

ಬಾಲ್ತ ನೆನೆಸಿಕೊಂಡ. ಕೋಟೆಯ ಕಲ್ಲು ಕೋಣೆಯಲ್ಲಿ ಕೂಡಿಹಾಕಿದ ಹೆಂಗಸರ ಕತೆ ಅವನಿಗೆ ಗೊತ್ತಿಲ್ಲದ್ದಲ್ಲ.  ಈ ಕೊಡಲಿ ಕೊಡದಿದ್ದರೆ ಇವತ್ತು ಸಂಜೆಗೆ ಮೂವತ್ತು ಮರ. ರಾಬಿಯಾ ಹಿಂದೆ ಹಿಂದೆ ಬರುತ್ತಾಳೆ, ಹೆಸರು ಹೇಳುತ್ತಾಳೆ. ಇವು ಅವನು ಎತ್ತಿ ಆಡಿಸಿದ ಮಕ್ಕಳ ಹೆಸರು. ನಾಳೆ ಮೂವತ್ತು. ಮುಂದಿನ ವರ್ಷ ಇನ್ನೊಂದು ದ್ವೀಪ. ಹೆಂಡತಿಯನ್ನು ಉಳಿಸಿಕೊಳ್ಳಲು ಒಂದೊಂದೇ ಊರು ಕೊಲ್ಲುತ್ತ ಹೋಗಬೇಕು. ಕಡೆಗೆ ಒಂದು ದಿನ ಹತುಸೀನದಲ್ಲೇ ಮರ ಹೆಚ್ಚಾಯಿತು ಅನ್ನುತ್ತಾರೆ. ಆಗ ಯಾರ ಊರಿನವರನ್ನು ಕಳಿಸುತ್ತಾರೆ?

ಸೊಂಟದಿಂದ ಕೊಡಲಿ ಎಳೆದ. ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ತಗೋ ಅಕ್ಕಾ."

ಅವಳು ತೆಗೆದುಕೊಂಡಳು. ಒಂದು ಮಾತೂ ಆಡದೆ ಬಂಡೆಯ ಮೇಲೆ ಹತ್ತಿ ಆಳದ ಕಡೆಗೆ ಬೀಸಿ ಎಸೆದಳು. ಕಬ್ಬಿಣ ನೀರಿಗೆ ಬಿದ್ದ ಸದ್ದು ಸಣ್ಣದು.

"ಅಯ್ಯೋ, ನನ್ನ ಯಾರೂ ಕೇಳೋರಿಲ್ವಾ?" ಎಂದ ಟೋಮೆ. ಸುತ್ತ ನೋಡಿದ. "ನಾನೇನು ಪೇಲ ಅಲ್ವಾ? ನಾನು ಆ ಮಾಡು ಹತ್ತಿ ಬಿದ್ದು ಕಾಲು ಮುರ್ಕೊಂಡಿರ್ಲಿಲ್ವಾ? ಕೇಳ್ರಪ್ಪಾ ಯಾರಾದ್ರೂ."

ಬಲೆ ನೇಯುತ್ತಿದ್ದ ಮುದುಕ ಎದ್ದ. "ಕೊಡು ಮಗಾ" ಎಂದ. ಟೋಮೆ ಕೊಟ್ಟ. ಆಮೇಲೆ ತಡೆಯುವವರಿಲ್ಲ. ಹೆಂಗಸರು, ಮುದುಕರು, ಮೀನಿನ ವಾಸನೆಯ ಕೈಗಳು. ಅಣ್ಣಾ ಕೊಡು. ತಮ್ಮಾ ಕೊಡು. ಮಾವನೇ ಕೊಡು ಅನ್ನುವಂತಿಲ್ಲ, ಪೇಲದಲ್ಲಿ ಮಾವನಿಲ್ಲ. ಕೆಲವರು ಅಳುತ್ತ ಕೊಟ್ಟರು. ಕೆಲವರು ಕೇಳುವ ಮೊದಲೇ ಕೊಟ್ಟರು. ಇಬ್ಬರು ಕೊಡದೆ ಕೈ ಹಿಂದಕ್ಕೆ ಕಟ್ಟಿ ನೆಲ ನೋಡುತ್ತ ನಿಂತರು. ಅವರ ಮನೆಯಲ್ಲಿ ಬಸುರಿ ಹೆಂಡತಿಯರಿದ್ದರು. ಅವರನ್ನು ಎರಡನೇ ಸಲ ಯಾರೂ ಕೇಳಲಿಲ್ಲ. ಮಿಕ್ಕ ಕೊಡಲಿಗಳೆಲ್ಲ ಒಂದರ ಹಿಂದೆ ಒಂದು ಕಡಲಿಗೆ ಬಿದ್ದವು.

ಸಾರ್ಜೆಂಟ ಮೊದಲು ನಗುತ್ತ ನೋಡಿದ, ಏನೋ ಆಚಾರ ಇರಬೇಕೆಂದುಕೊಂಡು. ಹತ್ತನೆಯ ಕೊಡಲಿ ಹೊತ್ತಿಗೆ ಅರ್ಥವಾಯಿತು. ಪಕ್ಕದ ಸಿಪಾಯಿಯ ಕೋವಿ ಕಿತ್ತುಕೊಂಡು ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಮಕ್ಕಳು ಕಿರುಚಿದವು. ಕೊಡಲಿ ಎಸೆಯುವುದು ನಿಲ್ಲಲಿಲ್ಲ. ಅವನು ಜನರ ಮೇಲೆ ಕಣ್ಣಾಡಿಸಿದ. ಎಂಟು ಕೋವಿ, ಒಂದೊಂದಕ್ಕೆ ಒಂದೊಂದೇ ಗುಂಡು. ಎದುರಿಗೆ ಎರಡು ಊರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹುಟ್ಟಿನವರನ್ನು ಕೊಂದರೆ ದೋಣಿ ನಡೆಸುವವರು ಯಾರು? ಅವನ ಮುಖದಲ್ಲಿ ಆ ಲೆಕ್ಕ ಬಾಲ್ತನಿಗೆ ಕಂಡಿತು. ಇಷ್ಟು ವರ್ಷ ಇದು ತಮಗೆ ಯಾಕೆ ಕಾಣಲಿಲ್ಲ?

"ಅವನು ಮೊದಲನೇವನು" ಎಂದು ಸಾರ್ಜೆಂಟ ಬಾಲ್ತನ ಕಡೆ ಬೆರಳು ತೋರಿಸಿದ. ಪಾತಿಗೆ ಹೇಳಿದ, "ನಿನ್ನ ಜನ. ನೀನು ಹೊಡಿ."

ಇಬ್ಬರು ಸಿಪಾಯಿಗಳು ಬಾಲ್ತನನ್ನು ತೆಂಗಿನ ಮರಕ್ಕೆ ಅಪ್ಪಿಸಿ ಕಟ್ಟಿದರು. ಪಾತಿ ಬೆಳ್ಳಿ ಗುಂಡಿನ ಕೋಲು ಎತ್ತಿದ. ಬೆತ್ತದ ಕೋಲು. ಮೊದಲ ಏಟು ಮೆತ್ತಗೆ ಬಿತ್ತು. ಸಾರ್ಜೆಂಟ ಏನೋ ಉಗಿದ. ಎರಡನೆಯದಕ್ಕೆ ಚರ್ಮ ಹರಿಯಿತು. ಉಪ್ಪು ಕೂತ ಬೆನ್ನು ಅದು. ಮೂರು, ನಾಲ್ಕು. ಬಾಲ್ತ ಹಲ್ಲಿನಲ್ಲಿ ತೆಂಗಿನ ತೊಗಟೆ ಕಚ್ಚಿದ. ಹತ್ತರ ಮೇಲೆ ಅವನಿಗೆ ಎಣಿಕೆ ತಪ್ಪಿತು. ಪಾತಿ ಏದುಸಿರು ಬಿಡುತ್ತಿದ್ದ. ಎಷ್ಟೋ ವರ್ಷದಿಂದ ಬೆವರು ಕಾಣದ ಮೈ.

"ಪಾತಿ" ಎಂದಳು ರಾಬಿಯಾ.

ಅವನು ಕೈ ಎತ್ತಿದ್ದವನು ತಿರುಗಿದ.

"ನೀನೂ ಹತುಸೀನದವನೇ. ನಿನ್ನ ಮುತ್ತಾತನೂ ಆ ಚಿಪ್ಪಿಗೆ ಬಾಯಿ ಹಚ್ಚಿದೋನೇ. ತಮ್ಮಾ, ಆ ಕೋಲು ಕೊಡು."

ಹುಟ್ಟಿನವರೆಲ್ಲ ಪಾತಿಯನ್ನು ನೋಡಿದರು. ಅವನು ಕೊಟ್ಟಿದ್ದರೆ ಅವತ್ತಿನ ಮಾತೇ ಬೇರೆಯಾಗುತ್ತಿತ್ತು. ಕೊಟ್ಟುಬಿಡಲಿ ಎಂದು ಬಾಲ್ತನಿಗೂ ಆಸೆಯಾಯಿತು, ರಕ್ತ ಸೋರುತ್ತಿದ್ದ ಬೆನ್ನಿನಲ್ಲೂ. ಪಾತಿ ಕೋಲನ್ನು ನೋಡಿದ. ತುದಿಯ ಬೆಳ್ಳಿಯನ್ನು ನೋಡಿದ. ಎದೆಗೆ ಅವಚಿಕೊಂಡ.

"ಇದು ನನ್ನದಲ್ಲ ಅಕ್ಕಾ. ಇದು ಕೋಟೆಯದು."

"ಹಂಗಾದ್ರೆ ನೀನೂ ಕೋಟೆಯದೇ" ಎಂದಳು ರಾಬಿಯಾ.

ಟೋಮೆ ಮರಳ ಮೇಲೆ ಉಗಿದು ಕೂತ. ಪಕ್ಕದವನೂ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಪಾತಿಗೆ ಬೆನ್ನು ಮಾಡಿ ಕೂತರು. ಕೊಡಲಿ ಕೊಡದೆ ನಿಂತಿದ್ದ ಇಬ್ಬರೂ ಕೊಡಲಿಯನ್ನು ಮರಳಿಗೆ ಹಾಕಿ ಕೂತರು. ಯಾರೋ ಬಾಲ್ತನ ಹಗ್ಗ ಬಿಚ್ಚಿದರು. ಸಿಪಾಯಿಗಳು ಸಾರ್ಜೆಂಟನ ಮುಖ ನೋಡಿದರು, ತಡೆಯಲಿಲ್ಲ.

ಹೊತ್ತು ಇಳಿಯುತ್ತಿತ್ತು. ಈ ಊರಿನಲ್ಲಿ ರಾತ್ರಿ ಕಳೆಯುವ ಧೈರ್ಯ ಸಾರ್ಜೆಂಟನಿಗೆ ಇರಲಿಲ್ಲ. "ದೋಣಿ. ಎಲ್ಲ ಹತ್ತು" ಎಂದು ಕೂಗಿದ. ಯಾರೂ ಅಲುಗಲಿಲ್ಲ. ಕೋವಿಯ ಮೂತಿಯನ್ನು ಟೋಮೆಯ ಹಣೆಗೆ ಒತ್ತಿದ. ಟೋಮೆ ಕಣ್ಣು ಮುಚ್ಚಿಕೊಂಡ, ಏಳಲಿಲ್ಲ.  ಆಗ ಸಾರ್ಜೆಂಟ ದನಿ ಇಳಿಸಿದ. ಪಾತಿಯ ಕಿವಿಯಲ್ಲಿ ಹೇಳಿದ. ಪಾತಿ ಬಂದು ಬಾಲ್ತನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬಾಲ್ತಾ, ಮರದ ಮಾತು ಬೇಡವಂತೆ. ಬಡಗಣ ಕೊಲ್ಲಿಗೆ ಮುಟ್ಟಿಸಿದ್ರೆ ಸಾಕಂತೆ. ನಿನ್ನ ಮೇಲೆ ದೂರು ಹೇಳಲ್ಲವಂತೆ."

"ಸಮುದ್ರ ಅವನದಂತಲ್ಲ" ಎಂದ ಬಾಲ್ತ. ತುಟಿಯಲ್ಲಿ ರಕ್ತವಿತ್ತು. "ಅವನ ಸಮುದ್ರದಾಗೆ ಅವನೇ ಹೋಗ್ಲಿ. ದೋಣಿ ಐತೆ, ಹುಟ್ಟು ಐತೆ. ನಾವು ಮುಟ್ಟಿಲ್ಲ."

ಹೋದರು. ಬೇರೆ ದಾರಿ ಇರಲಿಲ್ಲ. ಎಂಟು ಸಿಪಾಯಿಗಳು, ಸಾರ್ಜೆಂಟ, ಪಾತಿ. ಐವತ್ತು ಜನರ ದೋಣಿಯನ್ನು ಹತ್ತು ಜನ ತಳ್ಳಿ ನೀರಿಗಿಳಿಸುವಷ್ಟರಲ್ಲಿ ಇಬ್ಬರು ಬಿದ್ದು ಒದ್ದೆಯಾದರು, ಮದ್ದಿನ ಚೀಲಗಳೂ ಒದ್ದೆಯಾದವು. ವಾಯ್ಲಾತುವಿನ ಮಕ್ಕಳು ಬಿದ್ದು ಬಿದ್ದು ನಕ್ಕವು.

ದೊಡ್ಡವರು ನಗಲಿಲ್ಲ. ಎರಡು ದಿನ. ಎರಡು ದಿನ ಬಿಟ್ಟು ಆರು ದೋಣಿ ಬರುತ್ತವೆ. ಅವರಿಗೆ ಈ ಊರು ಪೇಲವಲ್ಲ, ಅವರ ಹೆಂಡತಿಯರ ಹೆಸರೂ ಕೋಟೆಯಲ್ಲಿ ಬರೆದಿದೆ. ಈ ಮರಗಳನ್ನು ಕಡಿದೇ ಕಡಿಯುತ್ತಾರೆ. ರಾಬಿಯಾ ಆಗಲೇ ಸೀರೆಯಂತೆ ಸುತ್ತಿದ್ದ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿ ತೋಪಿಗೆ ನಡೆದಿದ್ದಳು. ಮರಗಳ ಬುಡದಲ್ಲಿ ಎದ್ದಿದ್ದ ಸಸಿಗಳನ್ನು ಮಣ್ಣಿನ ಸಮೇತ ಅಗೆದು ಬೆಟ್ಟದ ಆಚೆ ಒಯ್ಯಬೇಕು. ಅಷ್ಟನ್ನಾದರೂ ಉಳಿಸಬೇಕು. ಹೆಂಗಸರೆಲ್ಲ ಬುಟ್ಟಿ ತಂದರು.

ಬಾಲ್ತನ ಬೆನ್ನಿಗೆ ಅರಿಶಿನ, ಕೊಬ್ಬರಿ ಎಣ್ಣೆ ಸವರಿದವಳು ರಾಬಿಯಾಳ ಸೊಸೆ. "ಮಲಕ್ಕೊ ಅಣ್ಣಾ" ಎಂದಳು.

"ಮಲಗಿದ್ರೆ ಆಯ್ತಾ? ಆ ಸಾರ್ಜೆಂಟ ಬಡಗಣ ಕೊಲ್ಲಿ ಮುಟ್ಟಿದ ದಿನಾನೇ ಕೋಟೆಗೆ ಸುದ್ದಿ ಹೋಗತ್ತೆ. ಅವ್ರಿಗಿಂತ ಮೊದ್ಲು ನಾವು ಹತುಸೀನ ಮುಟ್ಟಬೇಕು. ನಮ್ಮ ಹೆಂಗಸ್ರು ಮಕ್ಕಳು ಅಲ್ಲಿ ಅವ್ರೆ."

ಗುಂಡಿನ ಸದ್ದಿಗೆ ತೋಪಿನಿಂದ ಓಡಿ ಬಂದಿದ್ದ ವಾಯ್ಲಾತುವಿನ ಗಂಡಸರು ತಮ್ಮ ಮೂರು ದೋಣಿಗಳನ್ನು ನೀರಿಗೆ ಎಳೆದರು. ನೀರಿನ ಬುರುಡೆ ಇಟ್ಟರು, ಸಾಗೋ ಇಟ್ಟರು, ಬರುವಾಗ ಹತುಸೀನದ ಹೆಂಗಸರು ಮಕ್ಕಳನ್ನು ಬೆಟ್ಟದ ಆಚೆಗೆ ಕರೆತರಲು ಜಾಗ ಬಿಟ್ಟರು. ತಾವೂ ಹತ್ತು ಜನ ಹತ್ತಿದರು. ಬೆನ್ನು ಒಡೆದವನಿಗೆ ಹುಟ್ಟು ಬೇಡವೆಂದು ಟೋಮೆ ಎಷ್ಟು ಹೇಳಿದರೂ ಬಾಲ್ತ ಕೇಳಲಿಲ್ಲ. ಕತರೀನ ಇನ್ನೂ ಯಾವುದೋ ಮರದ ಕೊಂಬೆಯ ಮೇಲೆ ಮೊಗ್ಗು ಕೀಳುತ್ತಿರುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಹುಟ್ಟು ಎಳೆದಾಗಲೆಲ್ಲ ಬೆನ್ನಿನ ಗಾಯ ಬಾಯಿ ಬಿಟ್ಟಿತು. ಅವನು ಎಳೆದ.

ವಾಯ್ಲಾತುವಿನ ಕೊಲ್ಲಿಯ ಬಾಯಲ್ಲಿ ಕೋಟೆಯ ದೋಣಿ ಇನ್ನೂ ಅಲ್ಲೇ ಇತ್ತು. ಹತ್ತು ಜನ ಐದೈದಾಗಿ ಎರಡು ಮಗ್ಗುಲಿಗೆ ಕೂತು ಬಡಿಯುತ್ತಿದ್ದರು. ಈ ಕಡೆಯವರು ಎಳೆದಾಗ ಆ ಕಡೆಯವರು ಎತ್ತುತ್ತಿದ್ದರು. ದೋಣಿ ಕಣದಲ್ಲಿ ಕಟ್ಟಿದ ಎತ್ತಿನಂತೆ ಸುತ್ತುತ್ತಿತ್ತು. ಸಾರ್ಜೆಂಟನ ಟೋಪಿ ಎಲ್ಲೋ ಬಿದ್ದು ಹೋಗಿತ್ತು. ಮೂರು ದೋಣಿಗಳು ಹತ್ತಿರ ಬಂದಾಗ ಅವನು ತಲೆ ಎತ್ತಿದ. ಎರಡು ಕೈಯಲ್ಲೂ ಹುಟ್ಟಿತ್ತು, ಕೋವಿಗೆ ಮೂರನೆಯ ಕೈ ಇರಲಿಲ್ಲ. ಇದ್ದರೂ ಒದ್ದೆ ಮದ್ದು ಹತ್ತಿಕೊಳ್ಳುತ್ತಿರಲಿಲ್ಲ.

ಪಾತಿ ರೆಕ್ಕೆಯ ಬಿದಿರಿನ ಮೇಲೆ ಕೂತಿದ್ದ, ಕಾಲು ನೀರಿನಲ್ಲಿ. ಅಂಗೈ ಬೊಬ್ಬೆ ಎದ್ದು ಒಡೆದಿತ್ತು. ಬಾಲ್ತನ ದೋಣಿ ಒಂದು ಮಾರು ದೂರಕ್ಕೆ ಬಂದಾಗ ಅವನ ಕಣ್ಣಲ್ಲಿ ನೀರು ಬಂತು.

"ಬಾಲ್ತಾ. ಟೋಮೇ. ನನ್ನನ್ನೂ ಕರ್ಕೊಂಡು ಹೋಗ್ರೋ. ನನ್ನ ಹೆಂಡ್ತಿ ಮಕ್ಕಳೂ ಅಲ್ಲೇ ಅವ್ರೆ ಕಣ್ರೋ."

ಟೋಮೆ ಬಾಲ್ತನ ಕಡೆ ನೋಡಿದ. ಎಲ್ಲರೂ ನೋಡಿದರು. ಹುಟ್ಟುಗಳು ಒಂದು ಗಳಿಗೆ ನೀರಿನ ಮೇಲೆ ನಿಂತವು.

"ನಿಮ್ಮ ಹೆಂಡ್ತಿ ಮಕ್ಕಳನ್ನ ನಾವು ಕರ್ಕೊಂಡು ಬರ್ತೀವಿ ಯಜಮಾನ್ರೆ" ಎಂದ ಬಾಲ್ತ. "ಅವ್ರು ನಮ್ಮೂರೋರು. ನೀವು ಹುಟ್ಟು ಹಾಕಿ."

ಮೂರು ದೋಣಿಗಳೂ ಭೂಶಿರ ದಾಟಿದವು.